ಸುಣ್ಣದ ಕೆಳಗಿನ ಕೇಸರಿ

೧೯೪೬ರ ಎಳ್ಳಮಾವಾಸ್ಯೆ ಕಳೆದ ಮೂರನೆಯ ದಿನ ಘೋಣಸಗಿಯ ಕಾಳವ್ವ ವಿಜಾಪುರಕ್ಕೆ ನಡೆದೇ ಬಂದು ಗುರುಪಾದಯ್ಯ ಮಾಸ್ತರರ ಕಟ್ಟೆಯ ಮೇಲೆ ಕುಸಿದಳು. ಅವಳ ಗಂಡ ಅಮಸಿದ್ದನನ್ನು ತಿಕೋಟಾದ ಫೌಜದಾರ ಕೊಲೆಯ ಆರೋಪದ ಮೇಲೆ ಹಿಡಿದೊಯ್ದಿದ್ದ. ಪಕ್ಕದ ಹೊಲದ ಬಸಗೊಂಡಪ್ಪನ ಹೆಣ ಅಮಸಿದ್ದನ ಬದುವಿನ ಮೇಲೆ ಸಿಕ್ಕಿತ್ತು. ಜೊತೆಗೆ ಸುಣ್ಣ ಬಳಿದ ಕಲ್ಲು. ಹಬ್ಬಕ್ಕೆ ಬನ್ನಿಯ ಬುಡದಲ್ಲಿ ಪಾಂಡವರೆಂದು ಪೂಜಿಸಿದ ಐದು ಕಲ್ಲುಗಳಲ್ಲಿ ಅದೊಂದು ಎಂಬುದು ಫೌಜದಾರನ ವಾದ.

"ನಮ್ಮ ಐದೂ ಅಲ್ಲೇ ಅದಾವ್ರಿ. ಆಮ್ಯಾಲ ಒಂದು ತಂದಿಟ್ಟೀ ಅಂತಾರ. ಗಲ್ಲಿಗೆ ಹಾಕತಾರಂತ್ರಿ," ಎಂದಳು ಕಾಳವ್ವ.

"ಖರೇ ಸಂಗತಿ ಯಾರ ಬಾಗಲಕ್ಕ ಹೋದ್ರೂ ತಡಕೋತೀಯೇನು?"

"ನನ್ನ ಗಂಡ ಉಳದ್ರ ಸಾಕ್ರಿ."

ಟಾಂಗಾದ ಮಲ್ಲಿಕಸಾಬನಿಗೆ ಮಾಸ್ತರರ ಈ ಪ್ರಶ್ನೆ ಎಂದೂ ಹಿಡಿಸಿದ್ದಿಲ್ಲ. ಹತ್ತು ವರ್ಷ ಅವರ ಪತ್ತೇದಾರಿಕೆಗೆ ಕುದುರೆ ಕಟ್ಟಿದವನು ಅವನು. ಆ ಪ್ರಶ್ನೆ ಕೇಳಿಸಿಕೊಂಡವರು ನಗುತ್ತ ಮನೆಗೆ ಹೋದದ್ದನ್ನು ಕಂಡಿರಲಿಲ್ಲ.

ತಿಕೋಟಾದ ಪೊಲೀಸ್ ಚೌಕಿಯಲ್ಲಿ ಮಾಸ್ತರರು ಆ ಕಲ್ಲನ್ನು ಒದ್ದೆ ಬಟ್ಟೆಯಿಂದ ಒರೆಸಿದರು. ಸುಣ್ಣದ ಕೆಳಗೆ ನೆತ್ತರು, ಅದರ ಕೆಳಗೆ ಪಾಚಿಯಂತೆ ಕಲ್ಲಿಗಂಟಿ ಬೆಳೆಯುವ ಕೇಸರಿ ಬಣ್ಣದ ಕಲ್ಲುಹೂವು; ದುಂಡಗೆ ಹಬ್ಬಿ ಕಲ್ಲಿನ ಅಂಚಿಗೆ ಬಂದು ಅರ್ಧಕ್ಕೇ ಕಡಿದ ಚಕ್ರ. ಹೊಲಕ್ಕೆ ಹೋಗಿ ನೋಡಿದರೆ ಬನ್ನಿಯ ಬುಡದ ಐದರ ಮೇಲೂ ಬರೀ ಬೂದಿ ಬಣ್ಣದ್ದು. ಕಾರವಾರದಲ್ಲಿ ನೌಕರಿಯಲ್ಲಿದ್ದಾಗ ಸಮುದ್ರದ ಬಂಡೆಗಳ ಕಲ್ಲುಹೂವು ಗುರುತಿಸುವುದೇ ಮಾಸ್ತರರ ಹುಚ್ಚಾಗಿತ್ತು. ಕೇಸರಿಯದಕ್ಕೆ ಹಕ್ಕಿ ಕೂತು ಹಿಕ್ಕೆ ಹಾಕುವ ಕಲ್ಲೆಂದರೆ ಪ್ರೀತಿ ಎಂದರು. ಊರಲ್ಲಿ ಪಾರಿವಾಳ ಎಲ್ಲಿ ಕೂಡುತ್ತವೆ ಎಂದು ಕೇಳಿದಾಗ ಕಾಳವ್ವ, ಪಾಪ, ಅದೇ ಊರಲ್ಲಿದ್ದ ತನ್ನ ತವರಿನ ಬಾವಿಯನ್ನೇ ತೋರಿಸಿದಳು.

ಮರುದಿನ ಆ ಬಾವಿಯ ಬಳಿ ಫೌಜದಾರ, ಊರ ಹಿರಿಯರು, ಕಾಳವ್ವ, ಅವಳ ತಮ್ಮ ಬೀರಣ್ಣ ಎಲ್ಲರೂ ಸೇರಿದರು. ಬಾವಿಯ ಕಟ್ಟೆಯಲ್ಲಿ ಕಲ್ಲೊಂದು ಕಿತ್ತುಹೋಗಿ ಖಾಲಿಯಿದ್ದ ಜಾಗಕ್ಕೆ ಮಾಸ್ತರರು ಆ ಕಲ್ಲನ್ನಿಟ್ಟರು. ಅದರ ಅರ್ಧಚಕ್ರ ಪಕ್ಕದ ಕಲ್ಲಿನ ಅರ್ಧಕ್ಕೆ ಕೂಡಿ ಇಡೀ ಚಕ್ರವಾಯಿತು.

"ಈ ಕಲ್ಲುಹೂವು ಇಷ್ಟು ಬೆಳೀಬೇಕಂದ್ರ ವರ್ಷಾನುಗಟ್ಟಲೆ ಬೇಕು, ಫೌಜದಾರರ. ಪೂಜಿ ಕಲ್ಲಾಗಿದ್ರ ನೆತ್ತರು ಸುಣ್ಣದ ಮ್ಯಾಲೆ ಇರತಿತ್ತು. ಇಲ್ಲಿ ಕೆಳಗ ಐತಿ. ಹೊಡದ ಮ್ಯಾಲೆ ಬಳದಾನ. ಹಬ್ಬದ ದಿನ ಎಲ್ಲಾ ಹೊಲದಾಗೂ ಸುಣ್ಣದ ಕಲ್ಲ ಇರತಾವ, ಇದೂ ಅದರಾಗ ಒಂದಾಗ್ಲಿ ಅಂತ."

ಬೀರಣ್ಣ ಅಕ್ಕನ ಕಡೆ ನೋಡಿದ. ನೀರಿನ ಪಾಳಿಗೆ ಬಸಗೊಂಡಪ್ಪನ ಜೊತೆ ಜಗಳವಾಯಿತು, ಕಟ್ಟೆಯ ಕಲ್ಲು ಕಿತ್ತು ಬದುವಿನತನಕ ಅಟ್ಟಿಸಿಕೊಂಡು ಹೋಗಿ ಹೊಡೆದೆ, ಬನ್ನಿಯ ಬುಡದಲ್ಲಿ ಉಳಿದ ಸುಣ್ಣ ಸಿಕ್ಕಿತು, ಬಳಿದೆ ಎಂದು ಒಪ್ಪಿಕೊಂಡ. ಆಮೇಲೆ ಮೆಲ್ಲಗೆ ಹೇಳಿದ: "ಮಾಂವನ ಐದೂ ಕಲ್ಲ ಅಲ್ಲೇ ಅದಾವಲ್ಲ, ಬಿಟ್ಟಬಿಡ್ತಾರ ಅಂದಕೊಂಡಿದ್ದೆ, ಅಕ್ಕಾ."

ಅಮಸಿದ್ದನನ್ನು ಕರೆತರಲು ಮಲ್ಲಿಕಸಾಬ ಕಾಳವ್ವನನ್ನು ಟಾಂಗಾದಲ್ಲಿ ಕೂರಿಸಿಕೊಂಡ. ಊರ ಹೊರಗೆ ದಾರಿ ಎರಡಾಗುತ್ತಿತ್ತು. ಒಂದು ತಿಕೋಟಾಕ್ಕೆ, ಇನ್ನೊಂದು ಅವಳ ತಾಯಿ ಎದೆ ಬಡಿದುಕೊಂಡು ಅಳುತ್ತಿದ್ದ ತವರಿನ ಹೊಲದ ಮನೆಗೆ. ಅವನಿಗೆ ಮಾಸ್ತರರ ಮೇಲೆ ಕೆಟ್ಟ ಸಿಟ್ಟು ಬಂದಿತ್ತು.

"ಯಾ ಕಡೆ ಹೊಡೀಲಿ ಯವ್ವಾ?"

"ಇಲ್ಲೇ ಇಳಸ್ರಿ ಕಾಕಾ," ಎಂದಳು ಅವಳು. ಅಲ್ಲಿ ಮನೆಯೂ ಇರಲಿಲ್ಲ, ಮರವೂ ಇರಲಿಲ್ಲ.