ಒಳಕೋಣೆಯ ಆಳು

ಅಂಗಳದಲ್ಲಿ ಒಂದು ತರಗೆಲೆ ಬಿದ್ದಿದ್ದರೂ ಮನೆಮಂದಿಗೆಲ್ಲ ಮಂಗಳಾರತಿ ಎತ್ತುವ ಹೆಂಗಸು ರಾಜಲಕ್ಷ್ಮಮ್ಮ. ಅಂಥ ಎಸ್ಟೇಟಿನ ಒಡತಿ ತೋಟದ ಲೆಕ್ಕ ಬರೆಯಲು ಬಂದ ಹೊಸ ರೈಟರ್ ದಯಾನಂದನ ಕೈಗೆ ತೋಟದೊಳಗಿನ ಹಳೆಯ ಮನೆಯ ಬೀಗದ ಕೈ ಕೊಡುತ್ತಾ ಹೇಳಿದ ಮಾತು ಕೇಳಿದ್ದರೆ ಅವರ ಮನೆಯ ಬೆಕ್ಕೂ ನಗುತ್ತಿತ್ತು.

"ಒಳಕೋಣೆ ಹೆಂಗೈತೋ ಹಂಗೇ ಇರ್ಲಿ ರೈಟ್ರೇ. ಗುಡಿಸಬ್ಯಾಡಿ, ಜೋಡಿಸಬ್ಯಾಡಿ. ನೀವು ಮುಂದ್ಲ ಕೋಣೇಲಿ ಮಲಗಿ."

"ಯಾಕಮ್ಮಾ? ಒಳಗೆ ಯಾರಿದ್ದಾರೆ?"

"ಆಳೈತೆ."

ಅಷ್ಟು ಹೇಳಿ ಅವರು ಕಣದಲ್ಲಿ ಒಣಗುತ್ತಿದ್ದ ಕಾಫಿಯ ಕಡೆ ಮುಖ ತಿರುಗಿಸಿದರು. ಕೆದಕಿ ಕೇಳಿದ ಮೇಲೆ ಕಥೆ ಹೊರಬಂತು. ಅವರ ಮಾವನ ಕಾಲದಲ್ಲಿ, ಹಣ್ಣು ಕುಯ್ಯಲು ಒಂದು ನರಪಿಳ್ಳೆಯೂ ಸಿಗದ ವರ್ಷ, ಅವರು ಘಟ್ಟದ ಕೆಳಗಿನಿಂದ ಮಂತ್ರವಾದಿಯೊಬ್ಬನನ್ನು ಕರೆಸಿ ಕಣ್ಣಿಗೆ ಕಾಣದ ಆಳೊಂದನ್ನು ಕಟ್ಟಿಸಿಕೊಂಡಿದ್ದರಂತೆ. ಅದು ಕೂಲಿ ಕೇಳುವುದಿಲ್ಲ, ರಜೆ ಕೇಳುವುದಿಲ್ಲ. ಕತ್ತಲಾದರೆ ಅದಕ್ಕೆ ಕೆಲಸ ಬೇಕು, ಅಷ್ಟೆ. ಬಿಡಿಸುವ ಮಂತ್ರ ಹೇಳಿಕೊಡುವ ಮೊದಲೇ ಮಂತ್ರವಾದಿ ಕಣ್ಣು ಮುಚ್ಚಿದ. ಮಾವ ಹೋದರು, ಗಂಡ ಹೋದರು, ಆಳು ಮಾತ್ರ ಒಳಕೋಣೆಯಲ್ಲಿ ಉಳಿಯಿತು.

"ಕೆಲ್ಸ ಸಿಗ್ನಿಲ್ಲ ಅಂದ್ರೆ, ಅಲ್ಲಿ ಮಲಗಿರೋರ ಮೈಯನ್ನೇ ಕೆಲ್ಸ ಅಂದ್ಕೊಂಬುಡ್ತೈತೆ ಕಣ್ರೀ," ಎಂದರು ಸಣ್ಣ ದನಿಯಲ್ಲಿ.

"ಆಳಿಗೆ ಬರ ಬಂದಿರೋ ಈ ಕಾಲದಲ್ಲಿ ದೆವ್ವ ಆದ್ರೇನಮ್ಮಾ, ಹಾಜರಿ ಹಾಕ್ಕೊಳ್ಳೋಣ ಬಿಡಿ," ಎಂದು ದಯಾನಂದ ನಕ್ಕ. ರಾಜಲಕ್ಷ್ಮಮ್ಮ ನಗಲಿಲ್ಲ.

ಮಾರನಹಳ್ಳಿಯಿಂದ ಒಳಕ್ಕೆ, ಘಾಟಿ ಇಳಿಯುವ ಲಾರಿಗಳು ಬ್ರೇಕು ಒತ್ತುವ ಸದ್ದು ಮಾತ್ರ ಕೇಳುವಷ್ಟು ದೂರದಲ್ಲಿತ್ತು ಆ ಮನೆ. ಮುಂದಿನ ಕೋಣೆಗೆ ಅಡುಗೆಮನೆಯ ಹೊಗೆ. ಗಾಳಿ ಬೆಳಕು ಇದ್ದದ್ದು ಒಳಕೋಣೆಯಲ್ಲೇ. ಆದರೆ ಅದರ ಸ್ಥಿತಿ ದೇವರಿಗೇ ಪ್ರೀತಿ. ನೆಲದ ತುಂಬ ಕಾಫಿ, ಕಾಳುಮೆಣಸು, ರಾಗಿ ಬೆರೆತ ರಾಶಿ, ಸಿಕ್ಕುಸಿಕ್ಕಾದ ತೆಂಗಿನ ಹುರಿ, ಬಾಯಿ ಬಿಟ್ಟ ಗೋಣಿಚೀಲಗಳು. ದಿನಾ ಸಂಜೆ, ದೀಪ ಹಚ್ಚುವ ಮೊದಲು, ರಾಜಲಕ್ಷ್ಮಮ್ಮ ಖುದ್ದಾಗಿ ಬಂದು ಆ ಕಾಳುಗಳನ್ನೆಲ್ಲ ಬೆರೆಸಿ ಚೆಲ್ಲುತ್ತಿದ್ದರು. ಹುರಿಯನ್ನು ಎಳೆದಾಡಿ ಗಂಟು ಹಾಕುತ್ತಿದ್ದರು. ಬೆಳಿಗ್ಗೆ ನೋಡಿದರೆ ಕಾಫಿ ಬೇರೆ, ಮೆಣಸು ಬೇರೆ, ರಾಗಿ ಬೇರೆ. ಹುರಿ ಉಂಡೆ ಸುತ್ತಿಕೊಂಡು ಕೂತಿರುತ್ತಿತ್ತು. ಮುದುಕಿಯೇ ನಸುಕಿನಲ್ಲಿ ಬಂದು ವಿಂಗಡಿಸುತ್ತಾರೆ ಎಂದು ದಯಾನಂದ ತೀರ್ಮಾನಿಸಿದ್ದ. ಒಬ್ಬೊಬ್ಬರಿಗೆ ಒಂದೊಂದು ಹುಚ್ಚು.

ಅವನು ಅರಸೀಕೆರೆ ಕಡೆಯವನು. ಹೆಂಡತಿ ಶೃತಿ ಮಗಳನ್ನು ಕರೆದುಕೊಂಡು ಹಾಸನಕ್ಕೆ ಹೋಗಿ ಬೇರೆ ಮನೆ ಮಾಡಿದ ಮೇಲೆ ಅವನು ಕೂತು ಊಟ ಮಾಡುವುದನ್ನೇ ಬಿಟ್ಟಿದ್ದ. ಒಲೆಯ ಪಕ್ಕ ನಿಂತೇ ಉಣ್ಣುತ್ತಿದ್ದ. ಕುಕ್ಕರ್ ಕೂಗಿದರೆ "ಬಂದೆ" ಎನ್ನುತ್ತಿದ್ದ, ಮನೆಯಲ್ಲಿ ಅವನನ್ನು ಕರೆಯುವ ಬೇರೆ ದನಿ ಇರಲಿಲ್ಲ ನೋಡಿ. ರಾತ್ರಿ ಒಳಕೋಣೆಯಿಂದ ಟಿಕ್, ಟಿಕ್ ಎಂದು ಕಾಳು ಬೀಳುವ ಸದ್ದು ಬರುತ್ತಿತ್ತು. ಇಲಿ ಎಂದುಕೊಂಡ. ನಿಜ ಹೇಳಬೇಕೆಂದರೆ, ಪಕ್ಕದಲ್ಲಿ ಯಾರೋ ಎದ್ದಿದ್ದಾರೆ ಅನ್ನಿಸುವ ಆ ಸದ್ದು ಅವನಿಗೆ ಹಿತವಾಗಿಯೇ ಇತ್ತು.

ಕುಯ್ಲು ಮುಗಿದ ವಾರ ಶೃತಿ ಫೋನ್ ಮಾಡಿದಳು. "ನವ್ಯಶ್ರೀ ನಿಮ್ಮ ಹತ್ರ ಬರ್ಬೇಕು ಅಂತ ಹಟ ಮಾಡ್ತಿದ್ದಾಳೆ. ಕಳಿಸ್ತೀನಿ. ಆದ್ರೆ ಅವಳಿಗೆ ನೆಮ್ಮದಿಯಾಗಿ ಮಲಗೋ ಜಾಗ ಇದ್ಯಾ? ಈಗ್ಲೂ ನಿದ್ದೇಲಿ ಬೆಚ್ಚಿ ಏಳ್ತಾಳೆ. ಒಂದು ಸಲ ಹೆದರಿ ಬಂದ್ರೆ ಇನ್ನು ಕಳ್ಸೋದಿಲ್ಲ."

ಒಂಬತ್ತು ವರ್ಷದ ಮಗು. ಬೆಚ್ಚಿ ಏಳುವ ಅಭ್ಯಾಸ ಅವಳಿಗೆ ಯಾಕೆ ಬಂತು ಎಂಬುದು ಅವನಿಗೆ ಗೊತ್ತಿತ್ತು. ಗಂಡಹೆಂಡಿರ ಜಗಳ ಗೋಡೆಯಾಚೆ ಮಲಗಿದ ಮಗುವಿಗೆ ಕೇಳದೆ ಇರುತ್ತದೆಯೇ? ತನ್ನ ಮನೆಯಲ್ಲಿ ಅವಳು ಒಂದು ರಾತ್ರಿ ಸುಖವಾಗಿ ಮಲಗಿ ಎದ್ದರೆ ಸಾಕು, ಮತ್ತೆ ಮತ್ತೆ ಬರುತ್ತಾಳೆ ಎಂಬ ಆಸೆ ಅವನನ್ನು ಹಿಡಿದು ಕುಣಿಸಿತು.

ಮೊಬೈಲಿನಲ್ಲಿ ಮಲಗುವ ಕೋಣೆ ಹೇಗಿರಬೇಕು ಎಂದು ಪಾಠ ಹೇಳುವವರಿಗೇನು ಬರವೇ? ಮಂಚದ ಕೆಳಗೆ ಏನೂ ಇರಬಾರದು. ಕಣ್ಣಿಗೆ ಹೊಡೆಯುವ ಬಣ್ಣ ಬೇಡ, ಬೇಡದ ಸಾಮಾನು ಬೇಡ. ದಯಾನಂದ ಎಲ್ಲವನ್ನೂ ಕೇಳಿದ. ಶನಿವಾರ, ಮಗಳು ಬರುವ ದಿನ, ನಸುಕಿಗೇ ಎದ್ದು ಹುರಿಯನ್ನು ಹೊರಗೆ ಹಾಕಿ ಸುಟ್ಟ, ಚೀಲಗಳನ್ನು ಸ್ಟೋರಿಗೆ ಸಾಗಿಸಿದ, ಮೂಲೆಯ ಸಂದಿಯನ್ನೂ ಬಿಡದೆ ಗುಡಿಸಿ ತೊಳೆದ. ಗೋಡೆಗೆ ತಿಳಿಹಸಿರು ಬಳಿದ. ಬಾಳ್ಳುಪೇಟೆಯಿಂದ ಬಿಳಿ ಹಾಸಿಗೆವಸ್ತ್ರ, ಮೆತ್ತನೆ ಕಂಬಳಿ, ಮಂಕು ಬೆಳಕಿನ ಬಲ್ಬು ಮೊದಲೇ ತಂದಿದ್ದ, ಮಂಚ ಹಾಕಿ ಅವನ್ನೆಲ್ಲ ಜೋಡಿಸಿದ. ದಿಂಬಿನ ಪಕ್ಕ ಲಾವಂಚದ ಬೇರಿನ ಪುಟ್ಟ ಗಂಟು ಇಟ್ಟ. ಮುಗಿಸಿ ಬಾಗಿಲಲ್ಲಿ ನಿಂತು ನೋಡಿದರೆ, ಶೃತಿ ಬಿಟ್ಟುಹೋದ ಎರಡು ವರ್ಷದಲ್ಲಿ ಮೊದಲ ಸಲ ಅವನ ಎದೆ ಹಗುರಾಯಿತು.

ಅಂದೇ ಮಧ್ಯಾಹ್ನ ಸಕಲೇಶಪುರದ ಬಸ್‌ಸ್ಟ್ಯಾಂಡಿನಿಂದ ಮಗಳನ್ನು ಕರೆತಂದ. ಅವಳು ಕೋಣೆಯನ್ನು ನೋಡಿ ಬಾಯಿ ಬಿಟ್ಟುಕೊಂಡು ನಿಂತಳು.

"ಅಪ್ಪಾ, ಇದು ನಂದೇ ರೂಮಾ?"

"ನಿಂದೇ ಪುಟ್ಟಿ."

ಬಸ್ಸಿನ ಆಯಾಸಕ್ಕೆ ಹೊತ್ತು ಮುಳುಗುವ ಮೊದಲೇ ನಿದ್ದೆ ಹೋದಳು. ಬೆಚ್ಚಲಿಲ್ಲ, ಹೊರಳಲಿಲ್ಲ. ಅಷ್ಟರಲ್ಲಿ ರಾಜಲಕ್ಷ್ಮಮ್ಮ ಬುಟ್ಟಿ ಹಿಡಿದು ಬಂದರು. ದಯಾನಂದ ಹೊರಬಾಗಿಲ ಚಿಲಕ ಹಾಕಿ ಒಳಕೋಣೆಯ ಕಿಟಕಿಯಲ್ಲಿ ನಿಂತ.

"ಮಗು ಮಲಗಿದೆ ಅಮ್ಮಾ. ಈವತ್ತು ಬೇಡ."

ಕಿಟಕಿಯ ಸರಳಿನಾಚೆ ಅವರ ಮುಖ ಬಿಳಿಚಿಕೊಂಡಿತು. "ಗುಡಿಸ್ಬುಟ್ರಾ? ಅಯ್ಯೋ, ಒಂದು ಹಿಡಿ ರಾಗಿನಾದ್ರೂ ಚೆಲ್ತೀನಿ, ಬಾಗ್ಲು ತೆಗೀರಿ. ನೀವು ಮಾತ್ರ ಚೆಲ್ಲಬ್ಯಾಡಿ, ನನ್ ಕೈಲೇ ಆಗ್ಬೇಕು."

"ಮಗೂನ ಹೆದರಿಸಬೇಡಿ. ನಾಳೆ ಬನ್ನಿ," ಎಂದು ಅವನು ಕಿಟಕಿ ಮುಚ್ಚಿದ. ಅವರು ಹೊರಗೆ ಸ್ವಲ್ಪ ಹೊತ್ತು ಬಾಗಿಲು ಬಡಿದರು. ಆಮೇಲೆ ಸದ್ದಡಗಿತು.

ಮಗಳು ಎದ್ದರೆ ಬಿಸಿ ಇರಲಿ ಎಂದು ದಯಾನಂದ ಅಕ್ಕಿರೊಟ್ಟಿ ತಟ್ಟುತ್ತಿದ್ದ. ಹೊರಗೆ ಮಬ್ಬು ಕವಿಯಿತು. ಕರೆಂಟು ಹೋಯಿತು. ಜೀರುಂಡೆಗಳು ಒಮ್ಮೆಲೇ ಬಾಯಿ ಮುಚ್ಚಿದವು. ಲಾವಂಚದ ಪರಿಮಳದ ನಡುವೆ ಎಲ್ಲಿಂದಲೋ ಕೊಳೆತ ಕಾಫಿಸಿಪ್ಪೆಯ, ಹಳೆಯ ಬೆವರಿನ ನಾತ ಬಂತು. ಒಳಕೋಣೆಯಲ್ಲಿ ಟಿಕ್ ಎಂದಿತು.

ಅವನ ಕೈ ತವದ ಮೇಲೆ ನಿಂತಿತು. ಅಲ್ಲಿ ಒಂದು ಕಾಳೂ ಇರಲಿಲ್ಲ. ಅವನೇ ಗುಡಿಸಿದ್ದ.

ಟಿಕ್.

ಮೊಬೈಲಿನ ಬೆಳಕು ಹಿಡಿದು ಹೋದ. ಮಗಳು ಅಂಗಾತ ಮಲಗಿದ್ದಳು. ಕಾಲು ನೆಟ್ಟಗೆ, ಕೈ ನೆಟ್ಟಗೆ, ಬೆರಳುಗಳು ಒಂದರ ಪಕ್ಕ ಒಂದು. ಯಾರೋ ಜೋಡಿಸಿಟ್ಟ ಹಾಗೆ. ಮುಖದಲ್ಲಿ ಸಣ್ಣ ನಗೆ. ಬಿಳಿ ಹಾಸಿನ ಮೇಲೆ ಕಪ್ಪು ಗೆರೆಗಳು. ಬಗ್ಗಿ ನೋಡಿದ. ಕೂದಲು. ಉದ್ದದ್ದು ಒಂದು ಕಡೆ, ಗಿಡ್ಡದ್ದು ಒಂದು ಕಡೆ, ಸಾಲುಸಾಲಾಗಿ. ತಲೆಯ ಎಡಭಾಗ ಬೋಳಾಗಿತ್ತು. ಒಂದು ಹುಬ್ಬಿರಲಿಲ್ಲ. ಅದು ದಿಂಬಿನ ಅಂಚಿನಲ್ಲಿ ಪುಟ್ಟ ರಾಶಿಯಾಗಿತ್ತು.

"ಪುಟ್ಟೀ!"

ಏಳಲಿಲ್ಲ. ಅಲ್ಲಾಡಿಸಿದ. ಏಳಲಿಲ್ಲ. ಎತ್ತಲು ನೋಡಿದ. ಮಗು ಕಲ್ಲಿನಂತೆ ಭಾರ. ಯಾರೋ ಆ ಕಡೆಯಿಂದ ಹಿಡಿದಿದ್ದಾರೆ. ಅವನ ಕಣ್ಣೆದುರೇ ಅವಳ ಕೆಳತುಟಿ ತಾನಾಗಿ ಕೆಳಗೆ ಸರಿಯಿತು. ಒಂದು ಹಲ್ಲು ಅಲುಗಿತು. ಆ ಕಡೆಗೊಮ್ಮೆ. ಈ ಕಡೆಗೊಮ್ಮೆ. ಟಿಕ್. ನೆಲದ ಮೇಲೆ ಬಿತ್ತು. ಅಲ್ಲಿ ಆಗಲೇ ಎರಡು ಹಲ್ಲುಗಳಿದ್ದವು. ನಾಲ್ಕನೆಯದು ಅಲುಗತೊಡಗಿತು.

ದಯಾನಂದ ಓಡಿದ. ಅಡುಗೆಮನೆ. ಡಬ್ಬ. ಅಕ್ಕಿ, ರಾಗಿ, ಸಾಸಿವೆ, ಕೈಗೆ ಸಿಕ್ಕಿದ್ದು. ಎರಡೂ ಕೈಯಲ್ಲಿ ಬಾಚಿದ. ಕೋಣೆಯ ತುಂಬ ಎಸೆದ. ಹಸಿರು ಗೋಡೆಗೆ, ಮಂಚದ ಕೆಳಗೆ, ಮೂಲೆಗೆ. "ತಗೋ! ಕೆಲ್ಸ ತಗೋ!" ಎಂದು ಕಿರುಚಿದ.

ಮಗುವಿನ ತುಟಿ ಮುಚ್ಚಿಕೊಂಡಿತು. ಮೂಲೆಯಲ್ಲಿ ಒಂದು ಸಾಸಿವೆ ಕಾಳು ಉರುಳಿತು. ಅದರ ಹಿಂದೆ ಇನ್ನೊಂದು. ಮಗು ಹಗುರಾಯಿತು. ಅವನು ಅವಳನ್ನು ಹೆಗಲಿಗೆ ಹಾಕಿಕೊಂಡು ಬಾಗಿಲು ಒದ್ದು ಹೊರಗೆ ಬಿದ್ದ.

ದಾರಿಯಲ್ಲಿ ರಾಜಲಕ್ಷ್ಮಮ್ಮ ಟಾರ್ಚು ಹಿಡಿದು ನಿಂತಿದ್ದರು. ಮನೆಗೆ ಹೋಗಿರಲಿಲ್ಲ. ಹೆಗಲ ಮೇಲೆ ಮಗು ಎಚ್ಚರಗೊಂಡು ಅಳುತ್ತಿತ್ತು. ಅವರು ಅದರ ತಲೆಯನ್ನು ನೋಡಿದರು, ಬಾಯಿಯ ರಕ್ತ ನೋಡಿದರು, ಆಮೇಲೆ ದಯಾನಂದನ ಅಂಗೈಗೆ ಅಂಟಿದ್ದ ಸಾಸಿವೆಯ ಮೇಲೆ ಬೆಳಕು ಬಿಟ್ಟರು.

"ನೀವೇ ಚೆಲ್ಲಿದ್ರಾ?"

"ಇನ್ನೇನ್ ಮಾಡ್ಲಮ್ಮಾ!"

ಅವರು ದಾರಿಬದಿಯ ಕಲ್ಲಿನ ಮೇಲೆ ಕುಸಿದು ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. ದುಃಖಕ್ಕೋ, ಬಿಡುಗಡೆಗೋ ಅವರಿಗೇ ಗೊತ್ತಿರಲಿಕ್ಕಿಲ್ಲ. "ಕೊನೇಲಿ ಕೆಲ್ಸ ಹಾಕಿದ ಕೈಯೇ ಅದ್ಕೆ ಧಣಿ ಕಣಪ್ಪ. ನಾನು ಇನ್ನು ಚೆಲ್ಲಿದ್ರೆ ಅದು ಮುಟ್ಟಾಕಿಲ್ಲ. ದಿನಾ ಕತ್ಲಾಗೋ ಮುಂಚೆ ನೀವೇ ಹಾಕ್ಬೇಕು. ಒಂದಿನ ತಪ್ಪಿದ್ರೂ ಅರ್ಧಕ್ಕೆ ಬಿಟ್ಟಿರೋ ಕೆಲ್ಸ ಮುಗ್ಸಕ್ಕೆ ಹೊಂಟೋಯ್ತದೆ."

ಅರ್ಧಕ್ಕೆ ಬಿಟ್ಟ ಕೆಲಸ ಯಾವುದೆಂದು ದಯಾನಂದ ಕೇಳಲಿಲ್ಲ. ಅದು ಅವನ ಹೆಗಲ ಮೇಲೆ ಬಿಕ್ಕುತ್ತಿತ್ತು.

ಆ ರಾತ್ರಿಯೇ ಕಾರು ಮಾಡಿ ಮಗಳನ್ನು ಹಾಸನಕ್ಕೆ ಮುಟ್ಟಿಸಿದ. ಮಂಚದಿಂದ ಬಿದ್ದಳು ಎಂದ. ಬೋಳಾದ ತಲೆಗೆ ಟವೆಲು ಸುತ್ತಿದ್ದ. ಶೃತಿ ಅವನ ಮುಖಕ್ಕೇ ಬಾಗಿಲು ಹಾಕಿದಳು. ಮಾರನೆಯ ಸಂಜೆಯೊಳಗೆ ಅವನು ಒಳಕೋಣೆಯಲ್ಲಿದ್ದ. ರಾಜಲಕ್ಷ್ಮಮ್ಮ ಆಲೂರಿನ ಮಗಳ ಮನೆಗೆ ಹೊರಟು ನಿಂತಿದ್ದರು. ಮದುವೆ ಮಾಡಿಕೊಟ್ಟ ಮೇಲೆ ಆ ಮನೆಯಲ್ಲಿ ಅವರು ಒಂದು ರಾತ್ರಿಯೂ ತಂಗಿರಲಿಲ್ಲ. "ತೆಪ್ಪು ತಿಳ್ಕೋಬ್ಯಾಡಿ," ಎಂದರು. ಅವನು ತಪ್ಪು ತಿಳಿಯಲಿಲ್ಲ. ಹೇಳಿದ್ದನ್ನು ಕೇಳದವನು ಯಾರ ಮೇಲೆ ತಪ್ಪು ಹೊರಿಸಿಯಾನು?

ಬೇಸಿಗೆ ಬಂತು. ನವ್ಯಶ್ರೀಗೆ ಕೂದಲು ಚಿಗುರಿತ್ತು, ಹುಬ್ಬು ಬಂದಿರಲಿಲ್ಲ. ಆ ರಾತ್ರಿಯ ಯಾವುದೂ ಅವಳಿಗೆ ನೆನಪಿರಲಿಲ್ಲ, ಚೆನ್ನಾಗಿ ನಿದ್ದೆ ಬಂದದ್ದೊಂದನ್ನು ಬಿಟ್ಟು. ಒಂದು ಸಂಜೆ, ದಯಾನಂದ ಕಾಳು ಚೆಲ್ಲಿ ಹೊರಬರುವಷ್ಟರಲ್ಲಿ, ಅಮ್ಮನಿಗೆ ತಿಳಿಯದಂತೆ ಅವಳೇ ಫೋನ್ ಮಾಡಿದಳು.

"ಅಪ್ಪಾ, ರಜೆ ಬಂತು. ಬರ್ಲಾ?"

ಅವನು ಹೊಸ್ತಿಲಲ್ಲೇ ನಿಂತ. "ಬೇಡ ಪುಟ್ಟಿ. ಮನೆಯೆಲ್ಲ ಗಲೀಜಾಗಿದೆ."

"ಅಷ್ಟೇನಾ? ನಾನೇ ಬಂದು ಕ್ಲೀನ್ ಮಾಡ್ಕೊಡ್ತೀನಿ ಬಿಡಪ್ಪ. ನಂಗೆ ಬರುತ್ತೆ."

ಒಳಕೋಣೆಯಲ್ಲಿ ಕಾಳಿನ ಸದ್ದು ಥಟ್ಟನೆ ನಿಂತಿತು. ಆ ದನಿಯನ್ನು ಅದು ಕೇಳಿಸಿಕೊಳ್ಳುತ್ತಿತ್ತು. ಹೊಸ್ತಿಲ ಹತ್ತಿರದ ರಾಗಿ ಮೆಲ್ಲಗೆ ಎರಡು ಪಾಲಾಗಿ, ನಡುವೆ ದಾರಿ ಬಿಟ್ಟುಕೊಟ್ಟಿತು.

"ಅಪ್ಪಾ? ಬರ್ಲಾ?"

"ಬೇಡ ಅಂದ್ನಲ್ಲ!" ದಯಾನಂದ ಕೂಗಿದ. "ನೀನು ನಂಗೆ ಬೇಡ. ಯಾವತ್ತೂ ಬರ್ಬೇಡ. ಇನ್ಮೇಲೆ ಫೋನೂ ಮಾಡ್ಬೇಡ."

ಅವಳು ಅಳಲಿಲ್ಲ. "ಸರಿ ಅಪ್ಪ," ಎಂದಳು.

ಫೋನು ಕಟ್ಟಾಯಿತು. ಒಳಗೆ ಮತ್ತೆ ಟಿಕ್ ಎಂದಿತು.