ನಕ್ಷೆಯಲ್ಲಿಲ್ಲದ ಕೋಣೆ

ಫಾಲ್ಗುಣ ಹನ್ನೆರಡು, ಶನಿವಾರ, ಬೆಳಗ್ಗೆ ಎಂಟೂವರೆ. ಕಾಠ್ಮಂಡುವಿಗೆ ವಾರದ ರಜೆ. ಹೆಡ್ ಕಾನ್‌ಸ್ಟೆಬಲ್ ರತ್ನಶೋಭಾ ಬ್ಯಾಂಜನ್‌ಕಾರ್ ಚಹಾದ ಲೋಟಕ್ಕೆ ಇನ್ನೂ ಬಾಯಿ ಹಚ್ಚಿರಲಿಲ್ಲ. ಅಷ್ಟರಲ್ಲಿ ರಾಯಭಾರ ಕಚೇರಿಯೊಂದರ ಡ್ರೈವರ್ ಟೇಕ್ ಬಹಾದುರ್ ಪುಲಾಮಿ ಠಾಣೆಗೆ ಬಂದು ಮೇಜು ಹಿಡಿದು ನಿಂತ.

"ಮಗಳು ಕಾಣ್ತಿಲ್ಲ ದಿದಿ. ಗುರುವಾರ ಸಂಜೆಯಿಂದ."

"ಗುರುವಾರದಿಂದ? ಇವತ್ತು ಬರ್ತಿದೀರಾ?"

"ನೆಂಟರ ಮನೆಗಳಲ್ಲೆಲ್ಲ ಹುಡುಕ್ದೆ. ನಿನ್ನೆ ಆಫೀಸಲ್ಲಿ ಹೇಳ್ದೆ. ಅವರು ಹೆದರಿ ಗೇಟೇ ಹಾಕ್ಬಿಟ್ರು. ನಮ್ಮ ಕೆಲಸದೋರನ್ನ ಒಬ್ಬರನ್ನೂ ಒಳಗೆ ಬಿಡ್ತಿಲ್ಲ."

ಹುಡುಗಿಯ ಹೆಸರು ಜೂನು, ಹನ್ನೊಂದು ವರ್ಷ. ತಾಯಿ ಭೂಕಂಪದಲ್ಲಿ ಹೋದಳು. ಸಾಕಿದವಳು ತಾಯಿಯ ತಾಯಿ ಅಷ್ಟಮಾಯಾ, ಅದೇ ಕಚೇರಿಯಲ್ಲಿ ಕಸ ಗುಡಿಸುವ ನೇವಾರ್ ಜನಾಂಗದ ಮುದುಕಿ. ಗುರುವಾರ ಶಾಲೆ ಬಿಟ್ಟ ಮೇಲೆ ಹುಡುಗಿ ಅಜ್ಜಿಯನ್ನು ಹುಡುಕಿಕೊಂಡು ಗೇಟಿನೊಳಗೆ ಹೋದದ್ದನ್ನು ಕಾವಲುಗಾರ ಕಂಡಿದ್ದ. ಹೊರಗೆ ಬಂದದ್ದನ್ನು ಯಾರೂ ಕಂಡಿರಲಿಲ್ಲ. ಮನೆಗೆ ಹೋಗು ಎಂದು ಆಗಲೇ ಕಳಿಸಿದೆ ಎನ್ನುತ್ತಾಳೆ ಅಜ್ಜಿ.

ಟೇಕ್ ಬಹಾದುರ್ ದನಿ ತಗ್ಗಿಸಿದ. "ಅಲ್ಲಿ ಹೊಸ ಕಟ್ಟಡ ಕಟ್ತಿದಾರೆ ದಿದಿ. ಪಾಯಕ್ಕೆ ಒಂದು ತಲೆ ಬೇಕು ಅಂತ ಜನ..."

"ಜನ ನೂರು ಹೇಳ್ತಾರೆ," ಎಂದು ರತ್ನಶೋಭಾ ಗದರಿದಳು. ಆದರೆ ಸೇತುವೆಗೆ ಮಗು ಬೇಕು, ಅಣೆಕಟ್ಟೆಗೆ ಮಗು ಬೇಕು ಎಂಬ ಮಾತು ಕೇಳಿಯೇ ಬೆಳೆದವಳು ಅವಳು. ಎಫ್‌ಐಆರ್ ಬರೆದು ತಕ್ಷಣ ಇನ್ಸ್‌ಪೆಕ್ಟರ್‌ಗೆ ಫೋನ್ ಮಾಡಿದಳು.

ಹತ್ತು ಗಂಟೆಗೆ ಇನ್ಸ್‌ಪೆಕ್ಟರ್ ಯಾಮ್ ಪ್ರಸಾದ್ ಢಕಾಲ್, ಇಬ್ಬರು ಕಾನ್‌ಸ್ಟೆಬಲ್‌ಗಳು ಮತ್ತು ಪೊಲೀಸ್ ನಾಯಿಯೊಂದಿಗೆ ಅವಳು ಕಚೇರಿಯ ಮುಂದಿದ್ದಳು. ಗಾಳಿಮಾತಿಗೆ ಆಗಲೇ ಕಾಲು ಬಂದಿತ್ತು. ರಸ್ತೆ ತುಂಬ ಜನ, ಕೆಲವರ ಕೈಯಲ್ಲಿ ಇಟ್ಟಿಗೆ. ಒಂದು ಇಟ್ಟಿಗೆ ಒಳಗೆ ಬಿದ್ದರೆ ಆಮೇಲೆ ಹುಡುಗಿಯನ್ನು ಹುಡುಕುವವರೇ ಇರುವುದಿಲ್ಲ, ಎಲ್ಲರೂ ಒಬ್ಬರನ್ನೊಬ್ಬರು ಹೊಡೆಯುವುದರಲ್ಲೇ ಇರುತ್ತಾರೆ. ಆ ಗೇಟಿನಾಚೆ ನೇಪಾಳದ ಪೊಲೀಸರ ಟೋಪಿಗೆ ಬೆಲೆಯಿಲ್ಲ. ಲಿಖಿತ ಒಪ್ಪಿಗೆಗಾಗಿ ಹನ್ನೊಂದೂಕಾಲಿನವರೆಗೂ ಬೀದಿಯಲ್ಲೇ ನಿಂತರು.

ಒಪ್ಪಿಗೆ ತಂದವನು ಮಾಲ್ಡರ್, ಕಚೇರಿಯ ಎರಡನೇ ಕಾರ್ಯದರ್ಶಿ. ಪುಸ್ತಕ ಓದಿ ನೇಪಾಳಿ ಕಲಿತ ಆಸಾಮಿ. ನಾಯಿಯನ್ನು ನೋಡಿ, "ಇವರು ಕಚ್ಚುತ್ತಾರೆಯೇ?" ಎಂದು ಕೇಳಿದ.

"ಇವರು ಕಚ್ಚಲ್ಲ ಸರ್, ಬಿಸ್ಕತ್ತು ಕೇಳ್ತಾರೆ," ಎಂದ ಒಬ್ಬ ಕಾನ್‌ಸ್ಟೆಬಲ್.

ಮಾಲ್ಡರ್ ನಕ್ಷೆ ಬಿಡಿಸಿದ. ಕಚೇರಿಯ ಮುಂಭಾಗ, ಹಿಂದೆ ನೇಪಾಳವನ್ನು ಆಳುತ್ತಿದ್ದ ರಾಣಾ ಮನೆತನದ ಜನರಲ್ ಒಬ್ಬ ತನ್ನ ಕಿರಿ ಹೆಂಡತಿಗೆ ಕಟ್ಟಿಸಿದ ಬಿಳಿ ಕಂಬಗಳ ಅರಮನೆ. ಜಾಗ ಸಾಲದೆ ಹಿಂದಿದ್ದ ನೇವಾರರ ಹಳೆಯ ಮನೆಯನ್ನು ಕೊಂಡನೋ ಕಿತ್ತುಕೊಂಡನೋ, ಅಂತೂ ಅದನ್ನು ಒಡೆಯದೆ ಸುತ್ತ ಗೋಡೆ ಎಬ್ಬಿಸಿ ಅರಮನೆಯ ಹೊಟ್ಟೆಗೆ ಹಾಕಿಕೊಂಡ. ಮಾಲ್ಡರನ ಸರ್ಕಾರ ಅರಮನೆಯನ್ನು ಬಾಡಿಗೆಗೆ ಪಡೆದಾಗ ಸಿಕ್ಕಿದ್ದು ಜನರಲ್‌ನ ನಕ್ಷೆ. ಅದರಲ್ಲಿ ಹಳೆಯ ಮನೆ ಬರೀ ಒಂದು ದಪ್ಪ ಗೋಡೆ. ಭೂಕಂಪದಲ್ಲಿ ಹಿಂಭಾಗ ಬಿರುಕು ಬಿಟ್ಟಿತು, ಬೀಗ ಬಿತ್ತು. ಈಗ ಅದನ್ನು ಕೆಡವಿ ವೀಸಾ ವಿಭಾಗ ಕಟ್ಟಬೇಕು.

"ಯಾವಾಗ ಕೆಡವೋದು?" ಢಕಾಲ್ ಕೇಳಿದರು.

"ಇಂದು. ಕಚೇರಿಗೆ ರಜೆ ಇರುವ ದಿನ. ಯಂತ್ರದವರು ಬಂದಿದ್ದಾರೆ."

"ನಿಲ್ಸಿ."

"ಎರಡು ಗಂಟೆಯವರೆಗೆ ನಿಲ್ಲಿಸಬಲ್ಲೆ. ಆಮೇಲೂ ನಿಲ್ಲಿಸಲು ನಮ್ಮ ರಾಜಧಾನಿಯ ಅಪ್ಪಣೆ ಬೇಕು."

ಹುಡುಕಾಟ ನಡೆಯಿತು. ನೆಲಮಾಳಿಗೆ, ನೀರಿನ ತೊಟ್ಟಿ, ಗ್ಯಾರೇಜು, ಕೊನೆಗೆ ಮುಚ್ಚಿದ ಹಿಂಭಾಗ. ಗಂಡಸರು ಸಾಲಾಗಿ ನಿಂತು ಕೂಗಿದರು. "ಜೂನು! ಇದ್ರೆ ಓ ಅನ್ನು! ಪೊಲೀಸ್ ಬಂದಿದೀವಿ!" ಗೋಡೆಯಿಂದ ಮಣ್ಣು ಉದುರಿತು, ಉತ್ತರ ಬರಲಿಲ್ಲ. ನಾಯಿ ಆ ಹಿಂಭಾಗದೊಳಗಿನ ಓಣಿಯ ಕೊನೆಗಿದ್ದ ಹಳೇ ಬೀರುವಿನವರೆಗೆ ಹೋಗಿ, ಫಿನಾಯಿಲ್ ವಾಸನೆಗೆ ಸೀನಿ ಹಿಂದಕ್ಕೆ ಬಂತು. ಹುಡುಗಿ ಇಲ್ಲಿಲ್ಲ ಎಂದು ಒಂದೂವರೆಗೆ ಪಂಚನಾಮೆ ಬರೆದು ಎಲ್ಲರೂ ಹೊರಗೆ ಬಂದರು.

ರತ್ನಶೋಭಾ ಮಾತ್ರ ಬಾಗಿಲಲ್ಲಿ ತಡೆದು ನಿಂತಳು. ವರ್ಷಗಟ್ಟಲೆ ಬೀಗ ಬಿದ್ದ ಓಣಿಗೆ ಫಿನಾಯಿಲ್ ಹಾಕಿ ತೊಳೆದವರು ಯಾರು? ಅವಳು ಗೇಟಿಗೆ ಹೋದಳು. ಜನರ ನಡುವೆ ಅಷ್ಟಮಾಯಾ ಕುಕ್ಕರಗಾಲಲ್ಲಿ ಕೂತಿದ್ದಳು, ಮಡಿಲಲ್ಲಿ ಒಂದು ಗಂಟು. ಮುಖ ಬೂದಿಯಾಗಿತ್ತು.

"ಗಂಟು ಬಿಚ್ಚಿ ಅಜ್ಜಿ."

ಅವಲಕ್ಕಿ, ತುಪ್ಪ, ಒಂದು ಬಾಟಲಿ ನೀರು. ರತ್ನಶೋಭಾ ಅವಲಕ್ಕಿಯನ್ನು ನಾಲಿಗೆಗೆ ಹಚ್ಚಿದಳು.

"ಉಪ್ಪಿಲ್ಲ. ಯಾರಿಗಿದು?"

"ನಂಗೇ ಕಣಮ್ಮ. ಬಿಪಿ ಇದೆ."

"ಬಿಪಿ ಇರೋರು ಮುಖಕ್ಕೆ ಬಾರ್ಲಿ ಹಿಟ್ಟಿನ ಲೇಪಾನೂ ಹಚ್ಕೋತಾರಾ?" ಗಂಟಿನ ತಳದಲ್ಲಿದ್ದ ಎಲೆಯ ಪೊಟ್ಟಣವನ್ನು ಅವಳು ಎತ್ತಿ ಹಿಡಿದಳು.

ಒಳಗೆ ಯಂತ್ರ ಗುರ್ ಎಂದು ಎದ್ದಿತು. ಮುದುಕಿ ಹೌಹಾರಿ ಎದ್ದು ನಿಂತು, ಮತ್ತೆ ಕೂತಳು.

ಆಗ ರತ್ನಶೋಭಾಗೆ ಹೊಳೆಯಿತು. ಅವಳೂ ನೇವಾರ್ ಮನೆಯ ಮಗಳೇ. ಮೈನೆರೆಯುವ ಮೊದಲು ಅವಳನ್ನೂ ಹನ್ನೆರಡು ದಿನ ಕತ್ತಲೆ ಕೋಣೆಯಲ್ಲಿ ಕೂರಿಸಿದ್ದರು. ಗುಫಾ ಕೂರುವುದು ಎನ್ನುತ್ತಾರೆ. ಊಟಕ್ಕೆ ಉಪ್ಪಿಲ್ಲ, ಮುಖಕ್ಕೆ ಬಾರ್ಲಿ ಲೇಪ. ಬಿಸಿಲು ತಾಗಬಾರದು, ಗಂಡಸಿನ ಕಣ್ಣಿಗೆ ಬೀಳಬಾರದು, ಗಂಡಸಿನ ದನಿಗೆ ಓಗೊಡಬಾರದು. ಹನ್ನೆರಡನೆಯ ದಿನ ಹೊರಗೆ ತಂದು ಸೂರ್ಯನಿಗೇ ಮದುವೆ ಮಾಡುತ್ತಾರೆ.

ಅವಳು ಬಗ್ಗಿ ನೇವಾರಿಯಲ್ಲಿ ಪಿಸುಗುಟ್ಟಿದಳು. "ಅಜ್ಜಿ, ಇವತ್ತು ಎಷ್ಟನೇ ದಿನ?"

"ಮೂರು," ಎಂದಳು ಮುದುಕಿ. ತಕ್ಷಣ ಬಾಯಿ ಮುಚ್ಚಿಕೊಂಡಳು.

"ಎಲ್ಲಿ?"

"ಬೀರುವಿನ ಹಿಂದೆ. ಜನರಲ್ ಮನೆ ತಗೊಳ್ಳೋಕೆ ಮುಂಚೆ ನಮ್ಮ ತವರಿನ ಧಾನ್ಯದ ಕೋಣೆ ಅದು. ನಮ್ಮ ಹೆಣ್ಮಕ್ಕಳೆಲ್ಲ ಅಲ್ಲೇ ಕೂತಿದ್ದು. ಬೀಗದ ಕೈ ನನ್ನ ಹತ್ರ ಇತ್ತು, ದಿನಾ ಊಟ ಕೊಡೋಣ ಅಂದ್ಕೊಂಡಿದ್ದೆ... ಗೇಟು ಹಾಕ್ಬಿಟ್ರಲ್ಲಮ್ಮ!"

ರತ್ನಶೋಭಾ ಓಡಿದಳು. ಯಂತ್ರದ ಕೊಕ್ಕೆ ಹಿಂಗೋಡೆಯನ್ನು ಆಗಲೇ ಒಮ್ಮೆ ಗುದ್ದಿತ್ತು. ಅವಳು ಅದರ ಮುಂದೆ ನಿಂತು ಸೀಟಿ ಊದಿದಳು. ಯಂತ್ರ ನಿಂತಿತು. ಮಾಲ್ಡರ್ ಧಾವಿಸಿ ಬಂದ. "ತಾವು ಇಲ್ಲಿ ಬರುವಂತಿಲ್ಲ! ಒಪ್ಪಿಗೆ ಮುಗಿದಿದೆ!"

"ನಾಳೆ ದೂರು ಕೊಡಿ," ಎಂದು ಅವಳು ಹಿಂದೆಯೇ ಓಡಿಬಂದ ಢಕಾಲ್ ಕಡೆ ತಿರುಗಿದಳು. "ಹುಡುಗಿ ಒಳಗೇ ಇದಾಳೆ ಸರ್. ಗಂಡಸರು ಒಬ್ಬರೂ ಒಳಗೆ ಬರ್ಬಾರ್ದು. ನೀವೂ."

"ನಾನು ಇನ್ಸ್‌ಪೆಕ್ಟರ್ ಕಣಮ್ಮ," ಎಂದರು ಢಕಾಲ್.

"ಗಂಡಸೇ ಅಲ್ವಾ ಸರ್?"

ಢಕಾಲ್ ಅವಳ ಮುಖ ನೋಡಿದರು. ಎಲ್ಲರನ್ನೂ ಹಿಂದಕ್ಕೆ ಸರಿಸಿದರು.

ಓಣಿ ಧೂಳಿನಿಂದ ಕುರುಡಾಗಿತ್ತು. ತಲೆಯ ಮೇಲೆ ತೊಲೆ ಕಿರುಗುಟ್ಟುತ್ತಿತ್ತು. ಬೀರು ಸರಿಸಿದರೆ ಸೊಂಟದೆತ್ತರದ ಬಾಗಿಲು. ಒಳಗೆ ಬರೀ ಕತ್ತಲೆ. ಗುಫಾದ ಕತ್ತಲೆಯಲ್ಲಿ ಖ್ಯಾಕ್ ಎಂಬ ಭೂತ ಇರುತ್ತದೆ. ಮಸಿ ಬಳಿದ ಹತ್ತಿಯ ಬೊಂಬೆ ಮಾಡಿ ಗೋಡೆಗೆ ಅಂಟಿಸಿ, ಹುಡುಗಿ ಉಣ್ಣುವ ಮೊದಲು ಅದಕ್ಕೆ ಎಡೆ ಇಡುತ್ತಾರೆ. ಪೊಲೀಸ್ ಸೇರಿ ಹದಿನಾಲ್ಕು ವರ್ಷವಾದರೂ ರತ್ನಶೋಭಾಗೆ ಆ ಬೊಂಬೆಯೆಂದರೆ ಭಯವೇ.

"ಗಂಡಸರು ಯಾರೂ ಇಲ್ಲ ನಾನಿ," ಎಂದು ನೇವಾರಿಯಲ್ಲಿ ಕರೆದಳು. ಮನೆಯ ಮಗುವನ್ನು ಕರೆಯುವ ಹಾಗೆ. "ಖ್ಯಾಕ್‌ಗೆ ಊಟ ಕೊಟ್ಯಾ?"

ಕತ್ತಲೆಯಿಂದ ತೆಳ್ಳಗಿನ ದನಿಯೊಂದು ಬಂತು. "ಕೊಟ್ಟೆ. ಅಜ್ಜಿ ಬರ್ಲಿಲ್ಲ. ಖ್ಯಾಕ್‌ಗೆ ಸಿಟ್ಟು ಬಂತು, ಗೋಡೆ ಗುದ್ದಿತು. ಅದಕ್ಕೇ ನಂದೂ ಎಲ್ಲಾ ಕೊಟ್ಬಿಟ್ಟೆ."

"ಬಾ ನನ್ನವ್ವ, ಹೋಗೋಣ."

"ಬಿಸಿಲು ಇದ್ಯಾ? ಬಿಸಿಲಿದ್ರೆ ನಾ ಬರಲ್ಲ."

ರತ್ನಶೋಭಾ ತೆವಳಿ ಒಳಗೆ ಹೋದಳು. ಯೂನಿಫಾರಂ ಜಾಕೆಟ್ಟು ಬಿಚ್ಚಿ ಹುಡುಗಿಯ ತಲೆಯಿಂದ ಸೊಂಟದವರೆಗೆ ಮುಚ್ಚಿ, ಎದೆಗೊತ್ತಿಕೊಂಡು ಹೊರಬಂದಳು. ಹೊರಗೆ ಢಕಾಲ್, ಮಾಲ್ಡರ್, ಯಂತ್ರದವನು ಎಲ್ಲರೂ ಆಕಡೆ ಮುಖ ಮಾಡಿ ನಿಂತಿದ್ದರು. ಅವರಿಬ್ಬರು ಅಂಗಳ ದಾಟುವಷ್ಟರಲ್ಲಿ ಹಿಂದೆ ಗೋಡೆ ತಾನಾಗಿ ಕುಸಿಯಿತು.

ಸಂಜೆ ಐದಕ್ಕೆ ಅಷ್ಟಮಾಯಾ ತಂಡುಕಾರ್ ಬಂಧನವಾಯಿತು. ಆರೋಪ, ಮಗುವನ್ನು ಅಕ್ರಮವಾಗಿ ಕೂಡಿಹಾಕಿ ಪ್ರಾಣಾಪಾಯಕ್ಕೆ ಒಡ್ಡಿದ್ದು. ಕೈಗೆ ಬೇಡಿ ಹಾಕಲಿಲ್ಲ.

"ಅಪ್ಪನಿಗೆ ಯಾಕೆ ಹೇಳ್ಲಿಲ್ಲ?" ಢಕಾಲ್ ಕೇಳಿದರು.

"ಅವನು ಮಗರ್ ಜಾತಿಯೋನು ಹಜುರ್, ಅವರಲ್ಲಿ ಗುಫಾ ಇಲ್ಲ. ನನ್ನ ಮಗಳಿಗೆ ಕತ್ತಲೆಕೋಣೆ ಬೇಡ ಅಂದ."

"ಯಂತ್ರ ಬಂದಾಗಲಾದ್ರೂ ಬಾಯಿ ಬಿಡ್ಬಾರ್ದಿತ್ತಾ?"

"ಬಿಡೋಣ ಅಂತಲೇ ಇದ್ದೆ ಹಜುರ್. ಮೂರು ಸಲ ಎದ್ದು ನಿಂತೆ. ಸುತ್ತ ನೋಡಿದ್ರೆ ಎಲ್ಲಾ ಗಂಡಸರು. ಹೇಳಿದ್ರೆ ಅವರೇ ಹೋಗಿ ಎಳ್ಕೊಂಡು ಬರ್ತಾರೆ, ಹೇಳ್ದಿದ್ರೆ ಗೋಡೆ ಬೀಳುತ್ತೆ. ನಾಲಿಗೆ ಹೊರಳ್ಲಿಲ್ಲ." ಮುದುಕಿ ಉಸಿರೆಳೆದುಕೊಂಡಳು. "ಜೂನು ಅಮ್ಮನ್ನ ನಾನು ಗುಫಾ ಕೂರಿಸ್ಲಿಲ್ಲ. ಆ ವರ್ಷ ಊರಿಗೆ ಕರ್ಫ್ಯೂ ಇತ್ತು, ಆಮೇಲೆ ನೋಡೋಣ ಅಂತ ಬಿಟ್ಟೆ. ನಾನು ಕತ್ತಲಲ್ಲಿ ಕೂರಿಸ್ಲಿಲ್ಲ ಅಂತ ಭೂಮೀನೇ ಕೂರಿಸ್ತು. ಮನೆ ಕುಸಿದ ಮೇಲೆ ನಾಲ್ಕು ದಿನ ಅಗೆದ್ರು. ಉಸಿರಿತ್ತಂತೆ, ಮೂರನೇ ದಿನದವರೆಗೂ."

ಢಕಾಲ್ ಪೆನ್ನು ಕೆಳಗಿಟ್ಟರು.

"ಮಗು ಹೇಗಿದೆಯಮ್ಮ?" ಎಂದು ಮುದುಕಿ ರತ್ನಶೋಭಾಳನ್ನು ಕೇಳಿದಳು. "ಅವಳಪ್ಪ ಹೋಗಿ ನೋಡ್ಬಿಟ್ನಾ?"

"ಇಲ್ಲ ಅಜ್ಜಿ. ಆಸ್ಪತ್ರೇಲಿ ಕಂಬಳಿ ಹೊದ್ದು ಮಲಗಿದಾಳೆ. ಒಳಗೆ ಬರ್ಬೇಡ ಅಂತ ಅಪ್ಪನಿಗೆ ಕೂಗಿದ್ಲಂತೆ. ಅವನು ಬಾಗಿಲ ಹೊರಗೆ ಬೆನ್ನು ಹಾಕ್ಕೊಂಡು ಕೂತಿದಾನೆ. ಬೇರೆ ಗಂಡಸರನ್ನೂ ಆಕಡೆ ಬಿಡ್ತಿಲ್ಲ."

ಬೆಳಗ್ಗಿನಿಂದ ಅಳದ ಮುದುಕಿ ಆಗ ಅತ್ತಳು.