ಗೋಡೆಯಿಂದ ಸರಿದ ಮಂಚಗಳು

ಗೋಡೆ ಬಿದ್ದದ್ದು ಹಾಡಹಗಲಲ್ಲಿ. ರಾತ್ರಿ ಪಾಳಿ ಮುಗಿಸಿ ಬಂದು ಅದರ ಬುಡದಲ್ಲಿ ಮಲಗಿದ್ದವಳು ಮತ್ತೆ ಏಳಲಿಲ್ಲ.

ಆಸ್ಪತ್ರೆಯ ನೆಲ ಒರೆಸುವ ಹೆಂಗಸರಿಗೆಂದು ಕಟ್ಟಿಸಿದ ವಸತಿಗೃಹ ಅದು. ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ನಾನು ಆ ಹೆಂಗಸರ ಸಂಘದ ಕಾರ್ಯದರ್ಶಿ. ಪೊಲೀಸರು ‘ಆಕಸ್ಮಿಕ’ ಎಂಬ ಪದವನ್ನು ಬಾಯಲ್ಲಿಟ್ಟುಕೊಂಡೇ ಬಂದು, ಅದನ್ನೇ ಉಗುಳಿ ಹೋದರು. ಮರುದಿನ ನಾನು ಮೂಲೆಯಮ್ಮನನ್ನು ಕರೆತಂದೆ.

ಮೂಲೆಯಮ್ಮ ವಾಸ್ತುಶಿಲ್ಪ ಕಲಿಸುತ್ತಿದ್ದವರು. ಈಗ ಬಿದ್ದ ಕಟ್ಟಡಗಳ ಪರೀಕ್ಷಕಿ. ಎಲ್ಲಿಗೆ ಹೋದರೂ ಮೊದಲು ಮೂಲೆ ನೋಡುತ್ತಾರೆ, ಆಮೇಲೆ ಮನುಷ್ಯರನ್ನು. ಹೆಸರು ಬಂದದ್ದು ಹಾಗೆ.

ಕೋಣೆಯಲ್ಲಿ ಇಟ್ಟಿಗೆಯ ರಾಶಿ. ಒಂದು ಚಪ್ಪಲಿ. ಅಡ್ಡಗೋಡೆ ಹೊರಗೋಡೆಗೆ ತಾಗಿದ್ದ ಜಾಗದಲ್ಲಿ ಅವರು ಅಂಗೈ ಆಡಿಸಿದರು. ಅಲ್ಲಿ ಒಂದು ಮುರಿದ ಇಟ್ಟಿಗೆಯೂ ಕಚ್ಚಿಕೊಂಡಿರಲಿಲ್ಲ. ಗಾರೆಯ ಪಟ್ಟಿಯೊಂದು ಬಿಟ್ಟರೆ ಒರೆಸಿಟ್ಟ ತಟ್ಟೆಯಷ್ಟು ನುಣುಪು.

“ಇಲ್ಲಿ ಗೋಡೆ ಕಟ್ಟಿದ್ರಾ, ಇಲ್ಲ ತಂದು ನಿಲ್ಲಿಸಿದ್ರಾ?” ಎಂದರು.

ಬಾಗಿಲ ಬಳಿ ಕೂತಿದ್ದ ಹೆಂಗಸು ತಲೆ ಎತ್ತಿದಳು. ಸತ್ತವಳ ಪಕ್ಕದ ಕೋಣೆಯವಳು.

“ನಾನೇ ಕೊಂದದ್ದು ಅಮ್ಮ. ಬಟ್ಟೆ ಹಗ್ಗಕ್ಕೆ ಮೊಳೆ ಹೊಡೀತಿದ್ದೆ. ಮೂರನೇ ಏಟಿಗೆ ಗೋಡೆ ಆಚೆ ಹೋಯ್ತು.”

“ಆಚೆ ಹೋಯ್ತು ಅಂದ್ರೆ?”

“ಬಾಗಿಲು ತೆಗೆದ ಹಾಗೆ. ಇಡೀ ಗೋಡೆ. ‘ಅಕ್ಕಾ’ ಅಂತ ಕೂಗೋಷ್ಟೂ ಹೊತ್ತು ಕೊಡಲಿಲ್ಲ.”

“ಮೊಳೆಗೆ ಬೀಳೋದು ಗೋಡೆ ಅಲ್ಲಮ್ಮ.”

“ಎಲ್ಲರೂ ನನ್ನನ್ನೇ ನೋಡ್ತಿದಾರೆ.”

ನಾವು ಮಹಡಿ ಹತ್ತಿದೆವು. ಅಲ್ಲಿಯೂ ಅದೇ ಕಥೆ. ದೊಡ್ಡ ಕೋಣೆಯ ನಡುವೆ ಅಡ್ಡಗೋಡೆ ಎಬ್ಬಿಸಿ ಎರಡು ಮಾಡಿದ್ದರು. ಒಂದರ್ಧಕ್ಕೆ ಕಿಟಕಿ, ಇನ್ನೊಂದರ್ಧಕ್ಕೆ ಬರೀ ಕತ್ತಲೆ. ಕೂಲಿಯವರ ಉಸಿರಿಗೂ ಪಾಲು ಹಂಚಿದ್ದರು. ಮಂಚಗಳು ಕೋಣೆಯ ನಡುವೆ ನಿಂತಿದ್ದವು. ಬದಿಯಲ್ಲಿ ದಾಟಲು ನಾನು ಹೊಟ್ಟೆ ಒಳಗೆಳೆದುಕೊಳ್ಳಬೇಕಾಯಿತು.

“ಮಂಚ ಯಾಕಮ್ಮ ಹೀಗೆ?” ಎಂದು ಅಲ್ಲಿದ್ದ ಮುದುಕಿಯನ್ನು ಕೇಳಿದೆ.

“ನಿನ್ನೆ ದೊಡ್ಡವರೇ ಬಂದು ಸರಿಸೋಕೆ ಹೇಳಿದ್ರು. ಇನ್ನೂ ಇಟ್ಟಿಗೆ ಎತ್ತುತಾ ಇದ್ರು ಕೆಳಗೆ, ಅಷ್ಟರಲ್ಲೇ ಮೇಲೆ ಬಂದ್ರು. ನಡುಗೋಡೆಯಿಂದ ದೂರ ಮಲಗಿ ಅಂದ್ರು. ದೊಡ್ಡ ಮನಸ್ಸು ಅವರದು.”

ದೊಡ್ಡವರು ಎಂದರೆ ಕಟ್ಟಡದ ವಾಸ್ತುಶಿಲ್ಪಿ. ಅವರ ತಮ್ಮ ಸಣ್ಣವರು, ಕಟ್ಟಿಸಿದ ಗುತ್ತಿಗೆದಾರ. ನಾವಲ್ಲಿ ಇದ್ದಾಗಲೇ ಇಬ್ಬರೂ ಬಂದರು. ದೊಡ್ಡವರು ಬೂಟಿಗೆ ಧೂಳಾಗದ ಹಾಗೆ ಹೊಸ್ತಿಲಲ್ಲೇ ನಿಂತರು. ಸಣ್ಣವರು ಒಳಗೆ ಬಂದು, ನಡುಗೋಡೆಗೆ ಬೆನ್ನು ಆನಿಸಿ, ಒಂದು ಕಾಲು ಗೋಡೆಗೆ ಒತ್ತಿ ನಿಂತುಬಿಟ್ಟರು.

“ತಪ್ಪು ಯಾರದು ಅಂತ ಗೊತ್ತಾಗಿದೆ ಮೇಡಂ,” ಎಂದರು ಸಣ್ಣವರು. “ನಮ್ಮ ಆಫೀಸಿನ ಹುಡುಗಿ. ಕಂಪ್ಯೂಟರಿನಲ್ಲಿ ಕಟ್ಟಡದ ಮಾಡೆಲ್ ಮಾಡುವಾಗ ಮೂಲೆ ಕೂಡಿಸಿಲ್ಲ. ನಕಾಶೆಯಲ್ಲಿ ಎರಡು ಗೋಡೆ ಬೇರೆ ಬೇರೆ ಬಂದಿದೆ.”

“ಅವಳು ಒಪ್ಪಿದಾಳಾ?”

“ಸಂಜೆ ಸಹಿ ಹಾಕ್ತಾಳೆ,” ಎಂದರು ದೊಡ್ಡವರು ಹೊಸ್ತಿಲಿನಿಂದ. “ಚಿಕ್ಕ ವಯಸ್ಸು. ಒಪ್ಪಿಕೊಂಡ್ರೆ ನಾವೇ ವಕೀಲರನ್ನ ಹಿಡಿದು ಶಿಕ್ಷೆ ಕಡಿಮೆ ಮಾಡಿಸ್ತೀವಿ.” ಅವರ ಕಣ್ಣು ಮಾತ್ರ ತಮ್ಮನ ಬೆನ್ನ ಮೇಲಿತ್ತು. “ಬಾರೋ, ಹೊತ್ತಾಯ್ತು.”

ಮೊದಲು ಮೊಳೆ. ಆಮೇಲೆ, ಜನರ ಬಾಯಲ್ಲಿ, ಗೋಡೆ ಕಟ್ಟಿದ ಮೇಸ್ತ್ರಿ. ಈಗ ಹುಡುಗಿ. ತಪ್ಪು ಎಂಬುದು ಈ ಕಟ್ಟಡದಲ್ಲಿ ಮೆಟ್ಟಿಲು ಇಳಿಯುವುದನ್ನಷ್ಟೇ ಕಲಿತಿತ್ತು.

ಮೇಸ್ತ್ರಿ ಅಂಗಳದಲ್ಲಿ ಸಿಕ್ಕ. ಎರಡು ದಿನದ ಗಡ್ಡ. ಕೇಳುವ ಮೊದಲೇ ಶುರು ಮಾಡಿದ.

“ಕಾಗದದಲ್ಲಿ ಇದ್ದ ಹಾಗೇ ಕಟ್ಟಿದೀನಿ.”

“ಅಡ್ಡಗೋಡೆ ಇಟ್ಟಿಗೇನ ಹೊರಗೋಡೆಗೆ ಕಚ್ಚಿಸಲಿಲ್ಲ. ಯಾಕೆ?” ಎಂದರು ಮೂಲೆಯಮ್ಮ.

“ನಡುವೆ ಗೆರೆ ಇತ್ತು. ಗೋಡೆ ಕೂಡಿದ್ರೆ ಗೆರೆ ಬರಲ್ಲ, ಒಂದೇ ಮೈ ಆಗಿ ಬರುತ್ತೆ. ಗೆರೆ ಇದ್ರೆ ಬೇರೆ ಅಂತ. ಆಮೇಲೆ ತೆಗೆಯೋ ಗೋಡೆಗೆ ಹಾಗೆ ಬರೀತಾರೆ. ಕಚ್ಚಿಸಬಾರದು.”

“ಒಂದು ಮಾತು ಕೇಳಬಹುದಿತ್ತಲ್ಲ?”

ಅವನು ನಗಲಿಲ್ಲ. “ಹೋದ ಕೆಲಸದಲ್ಲಿ ಕೇಳಿದ್ದೆ. ‘ನಕಾಶೆ ಓದೋಕೆ ಬರದಿದ್ರೆ ದನ ಕಾಯೋಕೆ ಹೋಗು’ ಅಂದ್ರು. ಎಲ್ಲರ ಮುಂದೆ.”

“ಎಷ್ಟು ಗೋಡೆಗೆ ಹಾಗೆ ಗೆರೆ ಇತ್ತು?”

“ಎಲ್ಲಾದಕ್ಕೂ. ಪ್ರತಿ ಮಹಡಿಯ ನಡುಗೋಡೆಗೂ.”

ಮೂಲೆಯಮ್ಮ ತಟ್ಟನೆ ನಿಂತರು. ಮೇಲಿನ ಕಿಟಕಿಗಳ ಕಡೆ ನೋಡಿದರು. ಒಣಹಾಕಿದ ಸಮವಸ್ತ್ರಗಳು ಅಲ್ಲಾಡುತ್ತಿದ್ದವು.

“ಯಾರೂ ಕೋಣೆ ಒಳಗೆ ಇರದ ಹಾಗೆ ನೋಡ್ಕೋ,” ಎಂದರು ಮೇಸ್ತ್ರಿಗೆ. “ಆಫೀಸಿಗೆ ನಡಿ. ಬೇಗ,” ಎಂದರು ನನಗೆ.

ಹುಡುಗಿ ತನ್ನ ಕಂಪ್ಯೂಟರಿನ ಮುಂದೆ ಕೂತಿದ್ದಳು. ಪಕ್ಕದ ಕುರ್ಚಿಗಳವರು ಅವಳಿಂದ ಒಂದು ಮೊಳ ಆಚೆ ಸರಿದಿದ್ದರು, ಸಾವು ಅಂಟುಜಾಡ್ಯವೆಂಬಂತೆ. ಕೀಲಿಮಣೆಯ ಮೇಲೆ ಬೆರಳಚ್ಚಿಸಿದ ತಪ್ಪೊಪ್ಪಿಗೆಯ ಹಾಳೆ. ಕೊನೆಗೆ ಸಹಿಯ ಜಾಗ ಖಾಲಿ.

“ಹಾಕಿಬಿಡ್ತೀನಿ ಮೇಡಂ,” ಎಂದಳು. “ನಿನ್ನೆಯಿಂದ ಯೋಚನೆ ಮಾಡ್ತಿದೀನಿ. ಕೂಡಿಸಿದ್ದೆ ಅಂತಲೇ ನೆನಪು. ಆದ್ರೆ ನೆನಪಿನ ಮೇಲೆ ಯಾವ ಗೋಡೆ ನಿಲ್ಲುತ್ತೆ?”

“ಪೆನ್ನು ನನ್ನ ಕೈಗೆ ಕೊಡು. ಮಾಡೆಲ್ ತೆಗಿ.”

ಪರದೆಯ ಮೇಲೆ ವಸತಿಗೃಹ ತಲೆಯಿಲ್ಲದ ಪೆಟ್ಟಿಗೆಯಂತೆ ತೆರೆದುಕೊಂಡಿತು. ಮೂಲೆಯಮ್ಮ ಆ ಮೂಲೆಯನ್ನು ದೊಡ್ಡದು ಮಾಡಿಸಿದರು. ಎರಡು ಗೋಡೆಗಳ ನಡುವೆ ಕೂದಲಿನಷ್ಟು ಗೆರೆ.

“ಪ್ರತಿ ಗೋಡೆಗೂ ಒಳಗೊಂದು ಆಧಾರ ರೇಖೆ ಇರುತ್ತಲ್ಲ, ಅದನ್ನ ತೋರಿಸು.”

ಹುಡುಗಿ ತೋರಿಸಿದಳು. ಅಡ್ಡಗೋಡೆಯ ರೇಖೆ ಹೊರಗೋಡೆಯ ರೇಖೆಗೆ ಸರಿಯಾಗಿ ಬಂದು ಮುಟ್ಟಿತ್ತು.

“ಮುಟ್ಟಿದೆ,” ಎಂದಳು, ತಾನೇ ನಂಬದವಳಂತೆ.

“ಕೈತಪ್ಪಿದ್ರೆ ಇದು ಮುಟ್ಟುತ್ತಿರಲಿಲ್ಲ. ಇನ್ನೊಂದು ಮಹಡಿ?”

ಅಲ್ಲಿಯೂ ಮುಟ್ಟಿತ್ತು. ಅಲ್ಲಿಯೂ ಗೋಡೆ ಕೂಡಿರಲಿಲ್ಲ.

“ಎರಡೂ ಇಟ್ಟಿಗೆಯೇ?”

“ಇಟ್ಟಿಗೆಯೇ. ಎತ್ತರವೂ ಒಂದೇ.”

“ಹಾಗಾದ್ರೆ ಪದರ ನೋಡು.”

ನನಗೆ ತಲೆಬುಡ ತಿಳಿಯಲಿಲ್ಲ. ಮೂಲೆಯಮ್ಮ ನನ್ನ ಕಡೆ ತಿರುಗಿದರು. “ಈ ಸಾಫ್ಟ್‌ವೇರಿನಲ್ಲಿ ಗೋಡೆಗಳನ್ನ ಬೇರೆ ಬೇರೆ ಪದರದಲ್ಲಿ ಇಡ್ತಾರೆ. ಬೇಡದ ಪದರ ಮುಚ್ಚಿಡಬಹುದು. ಪ್ರತಿ ಪದರಕ್ಕೂ ಒಂದು ಸಂಖ್ಯೆ ಇದೆ. ಸಂಖ್ಯೆ ಒಂದೇ ಆದ್ರೆ ಗೋಡೆಗಳು ಕೂಡುತ್ತವೆ. ಬೇರೆ ಆದ್ರೆ, ಮಾತು ಬಿಟ್ಟ ದಾಯಾದಿಗಳ ಹಾಗೆ. ಭುಜಕ್ಕೆ ಭುಜ ತಾಗಿದ್ರೂ ನೀನ್ಯಾರೋ ನಾನ್ಯಾರೋ.”

ಹುಡುಗಿ ಪದರಗಳನ್ನು ತೆರೆದಳು. ಹೊರಗೋಡೆಯ ಸಂಖ್ಯೆ ಒಂದು. ನಡುಗೋಡೆಗಳದು ಎರಡು.

“ನಾನು ಒಂದೇ ಇಟ್ಟಿದ್ದೆ,” ಎಂದಳು. “ಇದು ನನ್ನದಲ್ಲ.”

“ಈಗ ಅದನ್ನ ಒಂದು ಮಾಡು.”

ಅವಳು ಒತ್ತಿದಳು. ಸಂಖ್ಯೆ ಅಲ್ಲಾಡಲಿಲ್ಲ, ಬೂದು ಬಣ್ಣದಲ್ಲಿ ಕಲ್ಲಿನಂತೆ ಕೂತಿತ್ತು. “ಆಗಲ್ಲ. ಮಾಡೆಲ್ ಮುಗಿದ ಕೂಡಲೇ ಪದರಕ್ಕೆ ಬೀಗ ಹಾಕ್ತಾರೆ. ದೊಡ್ಡವರು, ಸಣ್ಣವರು ಇಬ್ಬರೇ ತೆಗೀಬಹುದು.”

ಮೂಲೆಯಮ್ಮ ತಲೆ ಎತ್ತಿದರು. ಅವರ ದೃಷ್ಟಿ ಕಿಟಕಿಯ ಮೇಲಿತ್ತು. ಬಿಸಿಲು ಕಣ್ಣಿಗೆ ಹೊಡೆಯದಿರಲೆಂದು ಹುಡುಗಿ ಗಾಜಿಗೆ ಹಳೆಯ ನಕಾಶೆಗಳನ್ನು ಅಂಟಿಸಿದ್ದಳು. ಒಂದರಲ್ಲಿ ಅದೇ ವಸತಿಗೃಹ. ದೊಡ್ಡ ಕೋಣೆ, ನಡುಗೋಡೆ ಇಲ್ಲ. ಆದರೆ ಹೊರಗೋಡೆಯ ಒಳಗೆರೆ ಒಂದು ಕಡೆ ಕಡಿದುಹೋಗಿತ್ತು. ಗಾಯದ ಬಾಯಿಯ ಹಾಗೆ.

“ಇದೇನು?”

“ಅದಾ? ಪರವಾನಗಿ ಕಚೇರಿಗೆ ಕೊಡೋ ನಕಾಶೆ. ನಡುಗೋಡೆ ಪದರ ಮುಚ್ಚಿ ಪ್ರಿಂಟ್ ತೆಗಿ ಅಂದಿದ್ರು. ಮುಚ್ಚಿದ್ರೂ, ಅದು ಕೂಡಿದ್ದ ಜಾಗದಲ್ಲಿ ಹೊರಗೋಡೆ ಗೆರೆ ಬಿಟ್ಟುಹೋಗ್ತಿತ್ತು. ಎಷ್ಟು ತಡಕಾಡಿದ್ರೂ ಹೋಗಲಿಲ್ಲ. ಇನ್ನೊಂದು ದಿನ ಬಂದು ನೋಡಿದ್ರೆ ಸರಿಯಾಗಿತ್ತು.”

“ಯಾರು ಸರಿ ಮಾಡಿದ್ದು?”

“ಸಾಫ್ಟ್‌ವೇರ್ ತಾನೇ ಸರಿ ಮಾಡ್ಕೊಂಡಿತು ಅಂದ್ಕೊಂಡೆ. ಕೆಲವು ಸಲ ಹಾಗಾಗುತ್ತೆ. ಅಷ್ಟರಲ್ಲಿ ನನ್ನನ್ನ ಬೇರೆ ಕೆಲಸಕ್ಕೆ ಹಾಕಿದ್ರು.”

ಮೂಲೆಯಮ್ಮ ಆ ಕಾಗದವನ್ನು ಗಾಜಿನಿಂದ ಮೆಲ್ಲಗೆ ಬಿಡಿಸಿದರು. ಬಿಸಿಲು ಒಳಗೆ ನುಗ್ಗಿತು. “ನಡಿಯಮ್ಮ. ಸಹಿ ಹಾಕೋ ಮೊದಲು ಅವರಿಬ್ಬರಿಗೂ ಒಂದು ಮಾತು ಹೇಳೋಣ.”

ದೊಡ್ಡವರ ಕೋಣೆ ತಣ್ಣಗಿತ್ತು. ಅಣ್ಣ ಮೇಜಿನ ಹಿಂದೆ, ತಮ್ಮ ಸೋಫಾದಲ್ಲಿ. ಮೂಲೆಯಮ್ಮ ಕಾಗದವನ್ನು ಮೇಜಿನ ಮೇಲೆ ಹರಡಿದರು.

“ನಡುಗೋಡೆ ಇದೆ ಅಂತ ಗೊತ್ತಾದ್ರೆ ಪರವಾನಗಿ ಸಿಗ್ತಿರಲಿಲ್ಲ. ಕಿಟಕಿಯಿಲ್ಲದ ಕೋಣೇಲಿ ಮನುಷ್ಯರನ್ನ ಮಲಗಿಸೋ ಹಾಗಿಲ್ಲ. ಅದಕ್ಕೆ ಗೋಡೆ ಬಚ್ಚಿಟ್ರಿ. ಆದ್ರೆ ಬಚ್ಚಿಟ್ಟ ಗೋಡೆ ಹೊರಗೋಡೆಯ ಮೈ ಮೇಲೆ ಗುರುತು ಬಿಟ್ಟಿತ್ತು. ಗುರುತು ಅಳಿಸೋಕೆ ಒಂದೇ ದಾರಿ — ಸಂಖ್ಯೆ ಬದಲಾಯಿಸೋದು. ಗೋಡೆ ಕೂಡದಿದ್ರೆ ಗಾಯ ಇಲ್ಲ. ಅದೇ ಮಾಡೆಲಿನಿಂದ ಮೇಸ್ತ್ರಿಗೂ ನಕಾಶೆ ಹೋಯ್ತು. ಅವನು ಗೆರೆ ನೋಡಿದ. ಬೇರೆ ಬೇರೆ ಕಟ್ಟಿದ.”

“ಬೀಗದ ಅಧಿಕಾರ ಇಬ್ಬರಿಗಿದೆ,” ಎಂದರು ದೊಡ್ಡವರು ನಿಧಾನವಾಗಿ. “ನಾನು ಪೆನ್ಸಿಲ್ ಹಿಡಿದು ಬೆಳೆದವನು. ಈ ಕಂಪ್ಯೂಟರ್ ವ್ಯವಹಾರ ಎಲ್ಲ...” ಮಾತು ನಿಲ್ಲಿಸಿ ತಮ್ಮನ ಕಡೆ ನೋಡಿದರು.

ಸಣ್ಣವರು ಎದ್ದುಬಿಟ್ಟರು. “ಅಣ್ಣ? ನನ್ನ ಹೆಸರು ಯಾಕೆ ತರ್ತೀಯಾ?”

“ಕೂತ್ಕೊಳ್ಳಿ. ಇವತ್ತು ಬೆಳಿಗ್ಗೆ ನೀವೇ ನಿಮ್ಮನ್ನ ಅನುಮಾನದಿಂದ ಬಿಡಿಸಿಕೊಂಡಿದೀರಿ,” ಎಂದರು ಮೂಲೆಯಮ್ಮ. “ನಡುಗೋಡೆಗೆ ಬೆನ್ನು ಕೊಟ್ಟು, ಕಾಲು ಒತ್ತಿ ನಿಂತಿದ್ರಿ. ಅದು ಬೀಳೋ ಗೋಡೆ ಅಂತ ಗೊತ್ತಿರೋ ಮನುಷ್ಯ ಹಾಗೆ ನಿಲ್ಲಲ್ಲ. ಆದ್ರೆ ನಿಮ್ಮಣ್ಣ ಹೊಸ್ತಿಲು ದಾಟಲಿಲ್ಲ.”

“ಬೂಟಿಗೆ ಧೂಳು...” ಎಂದರು ದೊಡ್ಡವರು.

“ಅದೂ ಇರಲಿ. ಮಂಚ ಯಾಕೆ ಸರಿಸಿದ್ರಿ?”

ದೊಡ್ಡವರು ಮಡಚಲು ಹೋದ ಕಾಗದದ ಮೇಲೆ ಮೂಲೆಯಮ್ಮ ಅಂಗೈ ಇಟ್ಟರು.

“ಕೆಳಗೆ ಇನ್ನೂ ಹೆಣದ ಮೇಲಿನ ಇಟ್ಟಿಗೆ ತೆಗೀತಿದ್ರು. ಒಂದು ಹುಡುಗಿ ಒಂದು ಮೂಲೆಯಲ್ಲಿ ತಪ್ಪಿದಾಳೆ ಅಂತ ನೀವು ಹೇಳೋದು ನಿಜ ಆಗಿದ್ರೆ, ಬಿದ್ದದ್ದು ಒಂದು ಗೋಡೆ. ಮಹಡಿಯ ಗೋಡೆಗಳ ಮೇಲೆ ನಿಮಗೇನು ಅನುಮಾನ? ಹೊರಗೋಡೆ ಬಿಟ್ಟು, ನಡುಗೋಡೆಯಿಂದಷ್ಟೇ ಮಂಚ ಸರಿಸಿದ್ದು ಯಾಕೆ? ಮಾಡೆಲನ್ನ ಆಗ ಯಾರೂ ತೆರೆದೂ ನೋಡಿರಲಿಲ್ಲ. ಕಟ್ಟಿದ ಮೇಸ್ತ್ರಿ ಬಿಟ್ರೆ, ಎಲ್ಲಾ ಗೋಡೆ ಕೂಡಿಲ್ಲ ಅಂತ ಈ ಲೋಕದಲ್ಲಿ ಒಬ್ಬರಿಗಷ್ಟೇ ಗೊತ್ತಿತ್ತು. ಕೂಡದ ಹಾಗೆ ಮಾಡಿದವರಿಗೆ.”

“ಮನುಷ್ಯತ್ವದಿಂದ ಹೇಳಿದೆ. ಅವರ ಒಳ್ಳೇದಕ್ಕೆ,” ಎಂದರು ದೊಡ್ಡವರು.

ನನಗೆ ಸುಮ್ಮನಿರಲಾಗಲಿಲ್ಲ. “ಒಳ್ಳೇದು ಬೇಕಿದ್ರೆ ಕಟ್ಟಡ ಖಾಲಿ ಮಾಡಿಸ್ತಿದ್ರಿ. ಖಾಲಿ ಮಾಡಿಸಿದ್ರೆ ಗೋಡೆ ಲೆಕ್ಕ ಹೊರಗೆ ಬರುತ್ತೆ. ಅದಕ್ಕೆ ಒಂದು ಗೇಣು ಮನುಷ್ಯತ್ವ ಸಾಕು ಅಂದ್ಕೊಂಡ್ರಿ.”

ಉತ್ತರ ಕೊಟ್ಟದ್ದು ತಮ್ಮ. ಮುಖ ಸುಣ್ಣವಾಗಿತ್ತು.

“ನಾನು ಒರಗಿ ನಿಂತಿದ್ದೆ, ಅಣ್ಣ,” ಎಂದರು. “ನೀನು ಬಾಗಿಲಲ್ಲಿ ನಿಂತು ನೋಡ್ತಾನೇ ಇದ್ದೆ. ‘ಹೊತ್ತಾಯ್ತು’ ಅಂದೆ. ಅಷ್ಟೇ ಅಂದೆ.”

ಹುಡುಗಿ ಸಹಿ ಇಲ್ಲದ ಹಾಳೆಯನ್ನು ಮೇಜಿನ ಮೇಲಿಟ್ಟಳು. ದೊಡ್ಡವರ ಕಡೆಗೆ ತಿರುಗಿಸಿ, ಸಹಿಯ ಜಾಗ ಅವರ ಎದುರಿಗೆ ಬರುವ ಹಾಗೆ.

ನಾವು ಕಾಯಲಿಲ್ಲ. ಹುಡುಗಿಯನ್ನೂ ಕರೆದುಕೊಂಡು ವಸತಿಗೃಹಕ್ಕೆ ಹೊರಟೆವು. ಪೊಲೀಸರಿಗೆ ದಾರಿಯಲ್ಲೇ ಫೋನ್ ಮಾಡಿದೆವು. ವಸತಿಗೃಹದಿಂದ ಹೆಂಗಸರು ಹಾಸಿಗೆ ಸುರುಳಿಗಳನ್ನು ತಲೆಯ ಮೇಲೆ ಹೊತ್ತು ಇಳಿದರು. ಎಲ್ಲಿಗೆ ಹೋಗುವುದೆಂದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಕೊನೆಗೆ ಹೊರಬಂದವಳು ಮೊಳೆ ಹೊಡೆದವಳು. ಮುಷ್ಟಿ ಬಿಗಿದಿತ್ತು.

“ಹಾಗಾದ್ರೆ ಇದು ಅಲ್ವಾ ಅಮ್ಮ?” ಎಂದು ಬೆರಳು ಬಿಡಿಸಿದಳು. ಅಂಗೈಯಲ್ಲಿ ಸೊಟ್ಟಗಾದ ಮೊಳೆ.

“ಅಲ್ಲ,” ಎಂದಳು ಹುಡುಗಿ, ಮೂಲೆಯಮ್ಮ ಬಾಯಿ ತೆರೆಯುವ ಮೊದಲೇ. “ನಿಮ್ಮದೂ ಅಲ್ಲ. ನನ್ನದೂ ಅಲ್ಲ.”

ಆಕೆ ಮೊಳೆಯನ್ನು ಎಸೆಯಲಿಲ್ಲ. ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. “ನನ್ನನ್ನೇ ನೋಡ್ತಿದ್ದೋರೆಲ್ಲ ಕೇಳಿದಾಗ, ಇದಲ್ಲ ಅಂತ ತೋರಿಸ್ಬೇಕಲ್ಲ,” ಎಂದಳು.